ಒಂದು ಮೊರ ತೌಡು

ಕೂಡ್ಲಿಗಿ
೨ ಡಿಸೆಂಬರ್ ೨೦೨೪

ಡಿಯರ್ ಡಾಟರ್ ಅರ್ಚನಾ,

ಐ ಆಮ್ ಕ್ವೈಟ್ ವೆಲ್ ಅಂಡ್ ಹೋಪ್ ದಿ ಸೇಮ್ ಫ್ರಮ್ ಯೂ ಎಂದು ಬರೆದು ಪೆನ್ನು ಕೆಳಗಿಟ್ಟೆ. ಅಲ್ಲಿ ಆಸ್ಪತ್ರೆಯಲ್ಲಿ ಏನೂ ಚೆನ್ನಾಗಿಲ್ಲ ಎಂದು ಗೊತ್ತಿದ್ದೂ ಕೈ ತಾನೇ ಬರೆದುಬಿಟ್ಟಿತು. ಹಡಗಲಿ ಕಾಲೇಜಿನಲ್ಲಿ ಇಂಗ್ಲಿಷ್ ಪತ್ರ ಕಲಿಸಿದ ಮೇಷ್ಟ್ರು ಆ ಮೊದಲ ಸಾಲು ಮತ್ತು ಕೊನೆಯ ಸಾಲು ಎರಡನ್ನೂ ಬಾಯಿಪಾಠ ಮಾಡಿಸಿದ್ದರು. ನಡುವೆ ಏನು ಬರೆಯಬೇಕೆಂದು ಕಲಿಯುವಷ್ಟರಲ್ಲಿ ನಾನು ಪಿಯುಸಿಯಲ್ಲಿ ಎರಡು ಸಲ ಫೇಲಾಗಿ ದನದ ಆಸ್ಪತ್ರೆಯ ನೌಕರಿಗೆ ಸೇರಿದೆ.

ನೀನು ಫೋನ್ ಎತ್ತುವುದಿಲ್ಲ. ಪಾಲಾಕ್ಷ ಎತ್ತುತ್ತಾನೆ. "ಅಕಿ ಕೂಸಿನ ಕ್ವಾಣ್ಯಾಗ ಅದಾಳ ಮಾವ. ನಿಮ್ಮ ದನಿ ಕೇಳಿದ್ರ ಅಳ್ತಾಳ, ಅತ್ರ ಬಾಯಿಗೆ ಕಟ್ಟಿದ ಮಾಸ್ಕ್ ಹಸಿಯಾಕೈತಿ, ಹಸಿಯಾದ್ರ ನರ್ಸಮ್ಮ ಹೊರಗ ಕಳಸ್ತಾಳ" ಎಂದ. ನನ್ನ ದನಿಯಿಂದ ನೀನು ಕೂಸಿನ ಹತ್ತಿರದಿಂದ ಎದ್ದು ಹೊರಗೆ ನಿಲ್ಲುವುದು ಬೇಡ. ಅದಕ್ಕೇ ಈ ಕಾಗದ. ಅವನ ಬಾಯಲ್ಲಿ ಮಾವ ಎಂಬ ಮಾತು ಕೇಳಿದಾಗ ಈಗಲೂ ಒಂದು ಗಳಿಗೆ ಯಾರನ್ನು ಕರೆದ ಅನಿಸುತ್ತದೆ. ನಿಮ್ಮವ್ವನ ಬೆನ್ನಿಗೆ ಬಿದ್ದ ತಮ್ಮ, ನನ್ನನ್ನು ಭಾವ ಭಾವ ಎನ್ನುತ್ತ ಬೆಳೆದವನು, ನಿನಗೆ ತಾಳಿ ಕಟ್ಟಿದ ದಿನದಿಂದ ಮಾವ ಎನ್ನತೊಡಗಿದ.

ಇಲ್ಲಿ ಎಲ್ಲಾ ಹಾಗೇ ಇದೆ. ಕಂದು ಆಕಳು ಗಬ್ಬಾಗಿದೆ. ದಸರೆಗೆ ಮುಂಚೆ ಹೊಸಪೇಟೆ ಕ್ಯಾಂಪಿನಲ್ಲಿ ಎರಡೂ ಕಣ್ಣಿನ ಪೊರೆ ತೆಗೆಸಿದ್ದು ಬಹಳ ಒಳ್ಳೆಯದಾಯಿತು. ಇಪ್ಪತ್ತು ಹೆಜ್ಜೆ ದೂರದಿಂದ ಆಕಳ ಕಿವಿಯ ಬಿಲ್ಲೆಯ ನಂಬರ್ ಓದುತ್ತೇನೆ. ಬೇವಿನ ಮರದ ತುದಿಯಲ್ಲಿ ಕೂತ ಕಾಗೆ ಯಾವ ಕಡೆ ನೋಡುತ್ತಿದೆ ಎಂದು ಹೇಳುತ್ತೇನೆ. ನಿಮ್ಮವ್ವ ಇದ್ದಿದ್ದರೆ, ನೋಡಬೇಕಾದ್ದನ್ನು ಬಿಟ್ಟು ಕಾಗಿ ನೋಡ್ತಾನ ಎನ್ನುತ್ತಿದ್ದಳು.

ಮಗ್ಗುಲು ಮನೆಯ ದ್ಯಾಮಕ್ಕ ದಿನಾ ಬೆಳಿಗ್ಗೆ ಬಂದು, "ಕೂಸು ಹೆಂಗೈತಿ ಬೊಮ್ಮಣ್ಣ?" ಎಂದು ಕೇಳುತ್ತಾಳೆ. ಐತಿ ಎನ್ನುತ್ತೇನೆ. ನಿನ್ನ ಮೊದಲನೆಯವನು ಹತ್ತು ತಿಂಗಳಿಗೆ ಹೋದ. ಎರಡನೆಯವನು ಏಳಕ್ಕೆ. ಇವನಿಗೆ ಈಗ ಏಳು ನಡೆಯುತ್ತಿದೆ ಎಂದು ಅವಳೂ ಎಣಿಸುತ್ತಿರುತ್ತಾಳೆ, ನಾನೂ ಎಣಿಸುತ್ತಿರುತ್ತೇನೆ.

ಹಿತ್ತಲ ತಿಪ್ಪೆಯನ್ನು ಪೂರ್ತಿ ತೆಗೆಸಿಬಿಟ್ಟೆ. ಭೀಮರಾಜನ ಟ್ರ್ಯಾಕ್ಟರಿನಲ್ಲಿ ನಾಲ್ಕು ಲೋಡು ಹೊಲಕ್ಕೆ ಹೋಯಿತು. ಈಗ ಆ ಜಾಗ ಬರೀ ಕರೀ ನೆಲ. ಸುಮ್ಮನೆ ಬರೆದೆ.

ಕೂಸು ಭರತನ ರೋಗದ ಹೆಸರು ಪಾಲಾಕ್ಷ ಹೇಳಿದ, ನನಗೆ ನೆನಪಿನಲ್ಲಿ ನಿಲ್ಲಲಿಲ್ಲ. ಏನೋ ಫ್ಯಾಕ್ಟರ್ ಎಂದ. ನೀನು ಕೊಟ್ಟೂರಿನಲ್ಲಿ ಬಿಎಸ್ಸಿ ಎರಡು ವರ್ಷ ಓದಿದವಳು, ತಿಳಿಯುವ ಹಾಗೆ ಬರೆ.

ಯುವರ್ಸ್ ಒಬಿಡಿಯೆಂಟ್ಲಿ,
ನಿನ್ನ ಅಪ್ಪ ಬೊಮ್ಮಯ್ಯ


ಬೆಂಗಳೂರು
೧೦ ಡಿಸೆಂಬರ್ ೨೦೨೪

ಅಪ್ಪಾ,

ಮಗಳಿಗೆ ಯಾರಾದರೂ ಒಬಿಡಿಯೆಂಟ್ಲಿ ಎಂದು ಬರೆಯುತ್ತಾರಾ? ಇಪ್ಪತ್ತು ದಿನದ ಮೇಲೆ ನಕ್ಕೆ.

ಹೊರಗಿನ ಕಾಗದವನ್ನು ಈ ಕೋಣೆಯೊಳಗೆ ಬಿಡುವುದಿಲ್ಲ. ಪಾಲಾಕ್ಷಮಾವ ಅದನ್ನು ಗಾಜಿಗೆ ಒತ್ತಿ ಹಿಡಿಯುತ್ತಾನೆ, ನಾನು ಈಚೆಯಿಂದ ಓದುತ್ತೇನೆ. ನೀನು ಎರಡೂ ಬದಿ ಬರೆದಿದ್ದೆ. ಬೆಳಕಿಗೆ ಹಿಂದಿನ ಅಕ್ಷರ ಮುಂದೆ ಬಂದು ಕಲಸಿಹೋದವು. ಇನ್ನು ಮೇಲೆ ಒಂದೇ ಬದಿ ಬರೆ. ಹಾಗೆ ಹಿಡಿದಾಗ ಮಾವನಿಗೆ ಕಾಣುವುದು ಖಾಲಿ ಬದಿ. ಅವನು ಓದುವುದೂ ಇಲ್ಲ. ಹಗರಿಬೊಮ್ಮನಹಳ್ಳಿ ಡಿಪೋದಲ್ಲಿ ಬಸ್ಸಿನ ಕೆಳಗೆ ಮಲಗಿ ಕೆಲಸ ಮಾಡುವವನಿಗೆ ಇಲ್ಲಿ ನಿಂತುಕೊಳ್ಳುವುದೊಂದೇ ಕೆಲಸ.

ಡಾಕ್ಟರಮ್ಮ ಹೇಳಿದ್ದನ್ನು ನನಗೆ ತಿಳಿದಂತೆ ಬರೆಯುತ್ತೇನೆ. ನಮ್ಮ ಒಂದೊಂದು ಜೀವಕೋಶದಲ್ಲೂ ಡಿಎನ್‌ಎ ಎಂಬ ಉದ್ದದ ಬರಹ ಇದೆ. ರೋಗದ ಜೊತೆ ಕಾದಾಡುವ ಪಾಠಗಳೂ ಅದರಲ್ಲೇ ಇವೆ. ಆದರೆ ಪಾಠ ತಾನಾಗಿ ತೆರೆಯುವುದಿಲ್ಲ. ಒಂದು ಪ್ರೋಟೀನ್ ಬಂದು, ಪಾಠದ ತಲೆಯ ಹತ್ತಿರ ಸರಿಯಾದ ಜಾಗ ಹುಡುಕಿ ಕೂರಬೇಕು. ಅದು ಕೂತರೆ ಓದು ಶುರು. ಅಂಥದ್ದಕ್ಕೆ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಎನ್ನುತ್ತಾರೆ. ಭರತನಲ್ಲಿ ಆರ್‌ಎಫ್‌ಎಕ್ಸ್ ಎಂಬ ಫ್ಯಾಕ್ಟರ್ ಕೂರುವುದಿಲ್ಲ. ಪಾಠ ಇದೆ ಅಪ್ಪಾ, ಒಂದಕ್ಷರ ಅಳಿಸಿಲ್ಲ. ಓದಿಸುವವರಿಲ್ಲ.

ಅದರಿಂದ ಏನಾಗುತ್ತದೆಂದರೆ, ಒಳಹೊಕ್ಕ ಕ್ರಿಮಿಯ ತುಣುಕನ್ನು ಎತ್ತಿ ತೋರಿಸುವ ಕೈಗಳು ಅವನ ಕೋಶಗಳಿಗೆ ಮೂಡಿಯೇ ಇಲ್ಲ. ಕಾವಲಿನ ಬಿಳಿ ರಕ್ತಕಣಗಳು ಎಚ್ಚರವಾಗಿವೆ. ಯಾರನ್ನು ಹಿಡಿಯಬೇಕೆಂದು ಅವಕ್ಕೆ ತೋರಿಸುವವರು ಯಾರೂ ಇಲ್ಲ. ನಮ್ಮ ಮೊದಲಿನ ಇಬ್ಬರಿಗೂ ಇದೇ ಇತ್ತೇನೋ ಎನ್ನುತ್ತಾರೆ. ಆಗ ನಾವು ಶೀತ ಎಂದೆವು, ಭೇದಿ ಎಂದೆವು, ದೃಷ್ಟಿ ಎಂದೆವು.

ದಾರಿ ಒಂದಿದೆ. ನನ್ನ ಮೂಳೆಯೊಳಗಿನ ಮಜ್ಜೆಯನ್ನು ಅವನಿಗೆ ಹಾಕುವುದು. ಆದರೆ ಎದೆಯ ಸೋಂಕು ಹೋಗುವವರೆಗೆ ಹಾಕುವ ಹಾಗಿಲ್ಲ. ಆ ಸೋಂಕು ಯಾವುದರದೆಂದೇ ಸಿಗುತ್ತಿಲ್ಲ. ಮೂರು ಔಷಧಿ ಬದಲಾಯಿತು.

ಅದಕ್ಕೇ ಡಾಕ್ಟರಮ್ಮ ಒಂದು ಮಾತು ಪದೇ ಪದೇ ಕೇಳುತ್ತಾರೆ. ದೀಪಾವಳಿಗೆ ನಿಮ್ಮ ತಂದೆಯ ಮನೆಗೆ ಹೋಗಿದ್ದಿರಲ್ಲ, ಅಲ್ಲಿ ಕೂಸನ್ನು ಯಾರಾದರೂ ದನದ ಕೊಟ್ಟಿಗೆಗೆ, ಕೊಳೆತ ಹುಲ್ಲು ಗೊಬ್ಬರದ ಹತ್ತಿರಕ್ಕೆ ಒಯ್ದಿದ್ದರಾ ಎಂದು. ಇಲ್ಲ ಎಂದೆ. ಫಾರಂನಲ್ಲೂ ಇಲ್ಲ ಎಂದೇ ಬರೆದೆ. ಸರಿ ತಾನೆ ಅಪ್ಪಾ?

ನಿನ್ನ,
ಅರ್ಚನಾ


ಕೂಡ್ಲಿಗಿ
೧೬ ಡಿಸೆಂಬರ್ ೨೦೨೪

ಡಿಯರ್ ಡಾಟರ್,

ನೋಡು, ಒಂದೇ ಬದಿ ಬರೆಯುತ್ತಿದ್ದೇನೆ. ಅಕ್ಷರವನ್ನೂ ದಪ್ಪ ಮಾಡಿದ್ದೇನೆ.

ನಮ್ಮ ಕಾಲದಲ್ಲಿ ಫ್ಯಾಕ್ಟರ್ ಎಂದರೆ ಲೆಕ್ಕದ್ದು. ಹನ್ನೆರಡಕ್ಕೆ ಮೂರು ನಾಲ್ಕು ಎಂದು ಹೇಳಿ ಕೂತುಬಿಡುತ್ತಿದ್ದೆವು. ಮೈಯೊಳಗೂ ಫ್ಯಾಕ್ಟರ್ ಇದೆ, ಅದೂ ಹೋಗಿ ಕೂರಬೇಕು ಎಂದು ಯಾರೂ ಹೇಳಲಿಲ್ಲ. ಬಟಾಣಿ ಗಿಡದ ಪಾಠ ಇತ್ತು. ಡಾಮಿನೆಂಟ್, ರಿಸೆಸಿವ್. ರಿಸೆಸಿವ್ ಎಂದರೆ ತಲೆ ಬಗ್ಗಿಸಿಕೊಂಡು ಇರುವುದು ಎಂದು ನಾನು ಬರೆದುಕೊಂಡಿದ್ದೆ. ಎರಡು ತಲೆಮಾರು ತಲೆ ಬಗ್ಗಿಸಿಕೊಂಡಿದ್ದು ಮೂರನೆಯದರಲ್ಲಿ ಎದ್ದು ನಿಲ್ಲುತ್ತದೆ.

ಮೂವತ್ತೊಂದು ವರ್ಷ ನಾನು ಮಾಡಿದ ಕೆಲಸ ನಿನಗೆ ಗೊತ್ತು. ದ್ರವಸಾರಜನಕದ ಕ್ಯಾನು ಸೈಕಲ್ಲಿಗೆ ಕಟ್ಟಿಕೊಂಡು ಊರೂರು ಸುತ್ತಿ ಆಕಳಿಗೆ ಗಬ್ಬದ ಇಂಜೆಕ್ಷನ್ ಮಾಡುವುದು. ಯಾವ ಹೋರಿಯ ಬೀಜ ಯಾವ ಆಕಳಿಗೆ ಎಂದು ರಿಜಿಸ್ಟರಿನಲ್ಲಿ ಬರೆಯುತ್ತಿದ್ದೆ. ೪೧೭ನೇ ಹೋರಿಗೆ ಹುಟ್ಟಿದ ಹೆಣ್ಣುಗರು ಮಣಕವಾಗಿ ಬೆದೆಗೆ ಬಂದರೆ ಅದಕ್ಕೆ ಮತ್ತೆ ೪೧೭ ಕೊಡುವಂತಿಲ್ಲ. ಚಿಗಟೇರಿಯಲ್ಲಿ ಸುಂಕಪ್ಪ ಅಂತ ಒಬ್ಬ ರೈತ ಜಗಳಕ್ಕೇ ಬಂದ. "ಏನ್ರಿ ಇನ್ಸ್‌ಪೆಕ್ಟ್ರ, ಆಕಳಿಗೂ ಸಂಬಂಧ ನೋಡ್ತೀರೇನ್ರಿ? ಲಗ್ನಪತ್ರಿಕಿ ಬರಸಾನೇನು?" ಎಂದ. ಕೊಟ್ಟಿಗೆಯ ಮುಂದಿದ್ದ ಹತ್ತು ಜನ ನಕ್ಕರು. ನಾನು ಜಗ್ಗಲಿಲ್ಲ. ಕರು ಕುಂಟಾಗಿ ಹುಟ್ಟಿದರೆ ನೀನು ಬಂದು ನನ್ನ ಕೊರಳಪಟ್ಟಿ ಹಿಡಿಯುತ್ತೀಯ ಎಂದು ಹೇಳಿ, ಹರಪನಹಳ್ಳಿಯಿಂದ ಬೇರೆ ನಂಬರ್ ತರಿಸಿ ಮಾಡಿದೆ.

ಮನೆಗೆ ಬಂದು ಅದೇ ಕೈ ತೊಳೆದುಕೊಂಡು ಉಂಡೆ. ನಿನಗೆ ಹತ್ತೊಂಬತ್ತು ಆದಾಗ ನಿಮ್ಮವ್ವ, "ಪಾಲಾಕ್ಷಗೇ ಕೊಟ್ಟುಬಿಡಾನ, ಮನಿ ಹುಡುಗಿ ಮನ್ಯಾಗಿರ್ತಾಳ, ನನ್ನ ತಮ್ಮ ಅಕಿನ್ನ ಹೂವಿನಂಗ ನೋಡ್ಕೊಂತಾನ" ಎಂದಳು. ನೋಡಿಕೊಂಡ, ಸುಳ್ಳು ಹೇಳಬಾರದು. ನೀನು ಪರೀಕ್ಷೆ ಮುಗಿಸುತ್ತೇನೆ ಎಂದೆ. ನಾನು ಪರೀಕ್ಷೆ ಮದುವೆ ಆದಮೇಲೆ ಕಟ್ಟು ಎಂದೆ. ನಿಮ್ಮವ್ವ ಮದುವೆ ನೋಡಿದಳು, ಮೊಮ್ಮಕ್ಕಳನ್ನು ನೋಡಲಿಲ್ಲ, ಒಂದರ್ಥದಲ್ಲಿ ಪುಣ್ಯವಂತೆ. ನಾನು ಆವತ್ತು ಯಾವ ರಿಜಿಸ್ಟರನ್ನೂ ತೆಗೆದು ನೋಡಲಿಲ್ಲ. ಸೋದರಮಾವನಿಗೆ ಕೊಡುವುದು ನಮ್ಮಲ್ಲಿ ಎಲ್ಲರ ಮನೆಯಲ್ಲೂ ಇದ್ದದ್ದೇ ಎಂದು ಒಂದು ಸಲವಲ್ಲ, ನೂರು ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ.

ಕಂದು ಆಕಳ ಹೊಟ್ಟೆ ಇಳಿದಿದೆ. ಈ ಸಲ ಹೆಣ್ಣುಗರು ಎಂದು ದ್ಯಾಮಕ್ಕ ಹೇಳುತ್ತಾಳೆ.

ನೀನು ಕೇಳಿದ್ದಕ್ಕೆ ಉತ್ತರ. ನನಗೆ ತಿಳಿದ ಮಟ್ಟಿಗೆ ಹಾಗೆ ಯಾರೂ ಒಯ್ದಿಲ್ಲ. ಆಸ್ ಫಾರ್ ಆಸ್ ಮೈ ನಾಲೆಜ್ ಗೋಸ್ ಎಂದು ಕೋರ್ಟಿನ ಕಾಗದದಲ್ಲಿ ಬರೆಯುತ್ತಾರಲ್ಲ, ಹಾಗೆ.

ಯುವರ್ಸ್ ಒಬಿಡಿಯೆಂಟ್ಲಿ,
ಅಪ್ಪ


ಬೆಂಗಳೂರು
೨೨ ಡಿಸೆಂಬರ್ ೨೦೨೪

ಅಪ್ಪಾ,

ನಮ್ಮಿಬ್ಬರ ರಕ್ತದ ವರದಿ ಬಂತು. ಆ ಫ್ಯಾಕ್ಟರಿನ ಬರಹ ಎಲ್ಲರಲ್ಲೂ ಎರಡೆರಡು ಪ್ರತಿ ಇರುತ್ತದಂತೆ. ನನ್ನಲ್ಲಿ ಒಂದು ಸರಿ ಇದೆ, ಒಂದು ಕೆಟ್ಟಿದೆ. ಮಾವನಲ್ಲೂ ಹಾಗೇ, ಅದೇ ಜಾಗದಲ್ಲಿ, ಅದೇ ತಪ್ಪು. ಅವ್ವ ಮತ್ತು ಮಾವ ಇಬ್ಬರಿಗೂ ಅವರವ್ವ ಹೊನ್ನೂರಮ್ಮಜ್ಜಿಯಿಂದಲೋ ತಾತನಿಂದಲೋ ಬಂದದ್ದು. ನನಗೆ ಅವ್ವನಿಂದ. ಭರತನಿಗೆ ಎರಡೂ ಕೆಟ್ಟವೇ ಸಿಕ್ಕವು. ಅದು ನಿನ್ನ ಕಡೆಯದಲ್ಲ. ಇದನ್ನು ಬರೆದರೆ ನಿನಗೆ ಸಮಾಧಾನ ಆಗುತ್ತದೋ, ಇನ್ನೂ ನೋವಾಗುತ್ತದೋ, ನನಗೆ ಹೊಳೆಯಲಿಲ್ಲ.

ಈಗ ಮೂಗಿಗೆ ಆಮ್ಲಜನಕದ ಕೊಳವೆ ಹಾಕಿದ್ದಾರೆ. ಅದನ್ನು ಕಿತ್ತುಕೊಳ್ಳದಂತೆ ಕೈಗೆ ಚೀಲ ಕಟ್ಟಿದ್ದಾರೆ.

ಡಾಕ್ಟರಮ್ಮ ಇವತ್ತು ಮತ್ತೆ ಕೇಳಿದರು. ಗೊಬ್ಬರದ ಬೂಷ್ಟು ಎದೆಗೆ ಇಳಿದಿರಬಹುದು ಎಂದು ಅವರಿಗೆ ಅನುಮಾನ. ಅದಕ್ಕೆ ಔಷಧಿ ಇದೆ. ಆದರೆ ಆ ಔಷಧಿ ಲಿವರಿಗೆ ಪೆಟ್ಟು, ಅವನ ಲಿವರ್ ಮೊದಲೇ ಸೋತಿದೆ. ಕಾರಣವೊಂದು ಸಿಕ್ಕರೆ ಧೈರ್ಯ ಮಾಡಿ ಶುರು ಮಾಡುತ್ತೇನೆ, ಸುಮ್ಮಸುಮ್ಮನೆ ಕೊಡಲಾರೆ ಎಂದರು.

ಅಪ್ಪಾ, ತಿಳಿದ ಮಟ್ಟಿಗೆ ಎಂದರೆ ಏನು?

ಅರ್ಚನಾ


ಕೂಡ್ಲಿಗಿ
೨೭ ಡಿಸೆಂಬರ್ ೨೦೨೪

ಅರ್ಚನಾ,

ನಿನ್ನ ಕಾಗದ ನಿನ್ನೆ ಬಂತು. ಪಾಲಾಕ್ಷನಿಗೆ ಮೂರು ಸಲ ಫೋನ್ ಮಾಡಿದೆ. "ಹಲೋ, ಹೇಳ್ರಿ ಮಾವ" ಎಂದ. ಮೊದಲ ಸಲ ಊಟ ಆಯ್ತಾ ಎಂದು ಕೇಳಿದೆ. ಎರಡನೇ ಸಲ ಅಲ್ಲಿ ಚಳಿ ಇದೆಯಾ ಎಂದು ಕೇಳಿದೆ. ಮೂರನೇ ಸಲ ಅವನೇ, "ಏನೋ ಹೇಳಾಕ ಹೊಂಟೀರಿ ನೀವು, ಹೇಳ್ರಿ" ಎಂದ. ಕೈ ತಪ್ಪಿ ಬಟನ್ ಒತ್ತಿತು ಎಂದು ಇಟ್ಟುಬಿಟ್ಟೆ. ಬಾಯಲ್ಲಿ ಬರದ್ದು ಕೈಯಲ್ಲಿ ಬರುತ್ತದೇನೋ ಎಂದು ಬರೆಯುತ್ತಿದ್ದೇನೆ. ಇವತ್ತೇ ಸ್ಪೀಡ್ ಪೋಸ್ಟ್ ಮಾಡುತ್ತೇನೆ.

ನಾನು ಒಯ್ದೆ.

ದೀಪಾವಳಿ ಪಾಡ್ಯದ ಮರುದಿನ, ಬೆಳಿಗ್ಗೆ ಎಂಟರ ಹೊತ್ತು. ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸನ್ನು ಏನು ಮಾಡುತ್ತಾರೆಂದು ನಿನಗೆ ಗೊತ್ತು. ಮೊರದಲ್ಲಿ ಹಾಕಿ ತಿಪ್ಪೆಯ ಮೇಲಿಡುತ್ತಾರೆ. ಬೇರೆ ಮನೆಯವರು ಎತ್ತಿಕೊಳ್ಳುತ್ತಾರೆ. ಹೆತ್ತವರು ತೌಡು ಕೊಟ್ಟು ಕೊಂಡುಕೊಳ್ಳುತ್ತಾರೆ. ಎಸೆದ ಕೂಸು, ತೌಡಿಗೆ ಬಂದ ಕೂಸು, ಇದು ಯಾವ ಲೆಕ್ಕದ್ದು ಎಂದು ಸಾವು ಮುಖ ತಿರುಗಿಸಿಕೊಂಡು ಹೋಗಲಿ ಎಂದು. ಮೊದಲಿನ ಇಬ್ಬರಿಗೆ ನಾನು ಇದನ್ನು ಮಾಡಗೊಡಲಿಲ್ಲ. ಸೈನ್ಸ್ ಓದಿದವನು, ಸರ್ಕಾರಿ ನೌಕರ. ದ್ಯಾಮಕ್ಕ ಎರಡೂ ಸಲ ಕೇಳಿದಳು, ಎರಡೂ ಸಲ ಬೈದು ಕಳಿಸಿದೆ. ಎರಡೂ ಹೋದವು.

ಈ ಸಲ ನಾನೇ ಹೋಗಿ ಕರೆದೆ.

ತಿಪ್ಪೆಯನ್ನು ಎರಡು ದಿನದ ಹಿಂದೆ ಅರ್ಧ ಅಗೆಸಿದ್ದೆ. ಒಳಗಿನಿಂದ ಹಬೆ ಏಳುತ್ತಿತ್ತು. ಕೊಳೆತ ಸೊಪ್ಪೆಯ ಮೇಲೆ ಬೂದಿ ಚೆಲ್ಲಿದ ಹಾಗೆ ಬಿಳಿ ಬೂಷ್ಟು. ನನ್ನ ಕಣ್ಣಿಗೆ ಎಲ್ಲಾ ಚೆನ್ನಾಗಿ ಕಂಡಿತು. ಮೊರ ಇಡುವಾಗ ಗೊಬ್ಬರ ಜರಿದು ಪುಡಿ ಎದ್ದಿತು. ಭರತ ಎರಡು ಸಲ ಸೀನಿದ. ದ್ಯಾಮಕ್ಕ, "ಏ ಯಾರ ಕೂಸಿದು, ತಿಪ್ಪಿ ಮ್ಯಾಲ ಬಿದ್ದೈತಿ? ಕೇಳೋರಿಲ್ಲೇನು? ನನಗ ಸಿಕ್ಕೈತಿ, ನಂದಿದು" ಎಂದು ಎತ್ತಿಕೊಂಡಳು. "ಕೊಡಬೇ, ನಮಗಿರಲಿ" ಎಂದೆ. "ಏನ್ ಕೊಡ್ತಿ?" "ಒಂದು ಮೊರ ತೌಡು." "ಥೂ, ಇಂಥಾ ಕೂಸಿಗೆ ತೌಡ ಜಾಸ್ತಿ ಆತು, ತಗಂಡು ಹೋಗು" ಎಂದು ಬೈದು ನನ್ನ ಕೈಗೆ ಹಾಕಿದಳು. ಬೈಯಬೇಕು, ಅದು ಪದ್ಧತಿ. ಬೈಯುತ್ತ ಅವಳ ಕಣ್ಣಲ್ಲಿ ನೀರಿತ್ತು. ಅವನ ಕಿವಿಯಲ್ಲಿ ಮೂರು ಸಲ ತಿಪ್ಪೇಶ ಎಂದೆ. ಅವನು ನನ್ನ ಮೂಗು ಹಿಡಿದು ನಕ್ಕ.

ನೀನು ಬಚ್ಚಲಲ್ಲಿದ್ದೆ. ಬಕೀಟಿಗೆ ನೀರು ಬೀಳುವ ಸದ್ದು ಕೇಳುತ್ತಿತ್ತು. ನಿನಗೆ ಏನೂ ಗೊತ್ತಿಲ್ಲ. ಡಾಕ್ಟರಿಗೆ ಹಾಗೇ ಹೇಳು. ಮುದುಕ ಮಾಡಿದ, ಮಗಳಿಗೆ ತಿಳಿಸದೆ ಮಾಡಿದ ಎಂದು ಹೇಳು. ನನ್ನ ಹೆಸರು ಬರೆಸು. ಸಹಿ ಬೇಕಾದರೆ ಬಂದು ಹಾಕುತ್ತೇನೆ.

ಹೋರಿ ನಂಬರ್ ತಪ್ಪದೆ ಬರೆದ ಕೈ ಇದು.

ಅಪ್ಪ


ಹಗರಿಬೊಮ್ಮನಹಳ್ಳಿ
೨ ಫೆಬ್ರವರಿ ೨೦೨೫

ಅಪ್ಪಾ,

ಮಣ್ಣಿಗೆ ಬಂದವನು ನೀನು ದೂರ ಬೇಲಿಯ ಹತ್ತಿರ ನಿಂತಿದ್ದೆ. ನಾನು ನಿನ್ನ ಕಡೆ ನೋಡಲಿಲ್ಲ. ಸಿಟ್ಟಿಗೆ ನೋಡಲಿಲ್ಲ ಎಂದು ನೀನು ತಿಳಿದಿರುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಕಾಗದ ಡಿಸೆಂಬರ್ ಮೂವತ್ತೊಂದಕ್ಕೆ ಗಾಜಿಗೆ ಬಂತು. ಮಾವ ಎಂದಿನಂತೆ ಖಾಲಿ ಬದಿ ನೋಡುತ್ತ ಹಿಡಿದಿದ್ದ. ನಾನು ಓದಿ ಮುಗಿಸಿ ಡಾಕ್ಟರಮ್ಮನನ್ನು ಕರೆದೆ. ನನಗೆ ಈಗಷ್ಟೇ ತಿಳಿಯಿತು ಮೇಡಂ, ನಮ್ಮಪ್ಪ ಬರೆದಿದ್ದಾರೆ ಎಂದೆ. ಅವರು ಒಂದು ಮಾತೂ ಬೈಯಲಿಲ್ಲ. ಸಂಜೆಗೆ ಔಷಧಿ ಶುರು ಮಾಡಿದರು. ಆರು ದಿನ ಜ್ವರ ಇಳಿದಿತ್ತು. ಒಂದು ಮಧ್ಯಾಹ್ನ ಕೈಯ ಚೀಲ ಬಿಚ್ಚಿದಾಗ ನನ್ನ ಬೆರಳು ಹಿಡಿದುಕೊಂಡ. ಆಮೇಲೆ ಲಿವರ್ ತಡೆಯಲಿಲ್ಲ. ಜನವರಿ ಹದಿನೇಳನೇ ತಾರೀಖು ಹೋದ. ಇನ್ನಷ್ಟು ಮೊದಲೇ ಕೊಟ್ಟಿದ್ದರೆ ಎಂದು ಕೇಳಿದೆ. ಬೂಷ್ಟು ಗಾಳಿಯಲ್ಲೂ ಇರುತ್ತದೆ, ಅಲ್ಲಿಂದಲೇ ಬಂತೆಂದು ಹೇಳಲಾಗದು, ಮೊದಲೇ ಕೊಟ್ಟಿದ್ದರೆ ಏನಾಗುತ್ತಿತ್ತೆಂದೂ ಹೇಳಲಾಗದು ಎಂದರು. ಎಲ್ಲ ತಾಯಂದಿರಿಗೂ ಹಾಗೇ ಹೇಳುತ್ತಾರೇನೋ.

ಈಗಷ್ಟೇ ತಿಳಿಯಿತು ಎಂದೆನಲ್ಲ, ಅದು ಸುಳ್ಳು.

ಆವತ್ತು ನಾನು ಬಚ್ಚಲಲ್ಲಿ ಇರಲಿಲ್ಲ. ನಲ್ಲಿ ಬಿಟ್ಟು, ದ್ಯಾಮಕ್ಕನ ದನಿ ಕೇಳಿ ಹಿತ್ತಲ ಬಾಗಿಲಿಗೆ ಬಂದಿದ್ದೆ. ನೀನು ಮೊರ ಇಡುವ ಮೊದಲು ತಲೆ ಎತ್ತಿದೆ. ನನ್ನನ್ನು ನೋಡಿದೆ. ನಾನು ಬೇಡ ಎನ್ನಲಿಲ್ಲ. ಇದಾದರೂ ನಾಟಲಿ ಎಂದುಕೊಂಡೆ. ಬಿಎಸ್ಸಿ ಓದಿದ್ದು, ಪದ್ಧತಿ ಎಂದು ಮದುವೆ ಮಾಡಿದ್ದಕ್ಕೆ ನಿನ್ನನ್ನೂ ಅವ್ವನನ್ನೂ ನಾನು ಬೈದದ್ದು ಯಾವುದೂ ಆಗ ನೆನಪಿಗೆ ಬರಲಿಲ್ಲ. ಆಮೇಲೆ ಅವನ ಕಿವಿಯ ಹಿಂದೆ ಸಿಕ್ಕಿದ್ದ ಹುಲ್ಲುಕಡ್ಡಿ ತೆಗೆದವಳು ನಾನು. ಫಾರಂನಲ್ಲಿ ಇಲ್ಲ ಎಂದು ಬರೆದವಳೂ ನಾನು. ನಾನೇ ಹೌದು ಎಂದರೆ ಮಾವನ ಮುಖ ನೋಡುವುದು ಹೇಗೆ ಎಂದು ಅಂಜಿ, ನಿನ್ನ ಬಾಯಿಂದ ಬರಲಿ ಎಂದು ಕಾದೆ. ಇಪ್ಪತ್ತೊಂದು ದಿನ ಕಾದೆ. ಕೂಸು ಆ ಗಾಜಿನೊಳಗಿತ್ತು.

ಮಾವನಿಗೆ ಇನ್ನೂ ಹೇಳಿಲ್ಲ. ನಿನ್ನ ಕಾಗದವನ್ನೂ ಅವನು ಓದಿಲ್ಲ.

ನೀನು ನನ್ನನ್ನು ನೋಡಿದೆ ಅಲ್ಲವಾ ಅಪ್ಪಾ? ನಿನ್ನ ಕಾಗದದಲ್ಲಿ ಎಲ್ಲಾ ಇದೆ, ಹಬೆ ಇದೆ, ಬೂಷ್ಟು ಇದೆ, ಅವನು ಸೀನಿದ್ದು ಇದೆ. ಅದೊಂದು ಇಲ್ಲ. ಅದೊಂದನ್ನು ಬರೆ.

ಅರ್ಚನಾ


ಕೂಡ್ಲಿಗಿ
೮ ಫೆಬ್ರವರಿ ೨೦೨೫

ಅರ್ಚನವ್ವಾ,

ಈಗ ಗಾಜಿಲ್ಲ, ಆದರೂ ಒಂದೇ ಬದಿ ಬರೆಯುತ್ತಿದ್ದೇನೆ. ರೂಢಿಯಾಗಿದೆ.

ಮೊನ್ನೆ ದ್ಯಾಮಕ್ಕ ಬಂದು ಒಂದು ಮೊರ ತೌಡು ಜಗಲಿಯ ಮೇಲಿಟ್ಟು ಹೋದಳು. ಆಕಳಿಗೆ ಹಾಕಲಿಲ್ಲ. ಅಲ್ಲೇ ಇದೆ.

ನೀನು ಕೇಳಿದ್ದಕ್ಕೆ ಉತ್ತರ. ತಲೆ ಎತ್ತಿದ್ದು ನಿಜ. ಹಿತ್ತಲ ಬಾಗಿಲ ಕಡೆ ನೋಡಿದ್ದೂ ನಿಜ. ಅಲ್ಲಿ ಯಾರೂ ಇರಲಿಲ್ಲ. ನೀನು ಬಚ್ಚಲಲ್ಲಿದ್ದೆ. ಮೂರು ಕೂಸು ಕಳಕೊಂಡವಳಿಗೆ ನಿಲ್ಲದ ಜಾಗದಲ್ಲೆಲ್ಲ ನಿಂತ ಹಾಗೆ ಅನಿಸುತ್ತದೆ. ಪಾಲಾಕ್ಷನಿಗೆ ನನ್ನ ಕಾಗದ ತೋರಿಸು, ಈ ಕಾಗದವನ್ನೂ ತೋರಿಸು. ಎರಡರಲ್ಲೂ ಒಂದೇ ಬರೆದಿದೆ.

ನನಗೆ ಸರಿಯಾಗಿ ಕಾಣುವುದಿಲ್ಲ ಎಂದು ನೀನು ಅನ್ನಬಹುದು. ಹೌದವ್ವ, ಪೊರೆ ಬಂದ ಕಣ್ಣು. ಆದರೆ ಬಾಗಿಲು ಖಾಲಿ ಇತ್ತು, ಅಷ್ಟು ಕಂಡಿತು.

ಅಪ್ಪ